ಒಂದು ಕೊಡ ಬೋರ್‌ವೆಲ್ ನೀರು, ಎರಡು ವರ್ಷದ ಕೆಮಿಸ್ಟ್ರಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕು, ಹಾಸಿಗೆ ಸುರುಳಿ ಹಿಡಿದು ಇಳಿಯುವ ಮಕ್ಕಳು ಕಾಣಸಿಗುತ್ತಾರೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಚಳ್ಳಕೆರೆ ಕಡೆಯವರು. ಪಿಯುಸಿಗೆ ಸೈನ್ಸ್ ತಗೊಂಡವರು. ಜೊತೆಗೆ ಬಂದ ಅಪ್ಪನೋ ಮಾವನೋ ಕೆಮಿಸ್ಟ್ರಿ ಪಾಠ ಮಾಡುವ ನನ್ನನ್ನು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಫಿಜಿಕ್ಸು, ಮ್ಯಾಥ್ಸು ಅರ್ಥ ಮಾಡ್ಕೊಂಡು ಓದಬೇಕಂತೆ. ಕೆಮಿಸ್ಟ್ರಿ ಬಾಯಿಪಾಠ ಮಾಡಿದ್ರೆ ಸಾಕಂತೆ, ಹೌದೇನ್ರೀ?"

ಅಲ್ಲ. ಈ ಒಂದು ಮಾತನ್ನು ನಂಬಿ ಎರಡು ವರ್ಷ ಕಷ್ಟಪಟ್ಟ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ. ಕೆಮಿಸ್ಟ್ರಿಯಲ್ಲಿ ನೆನಪಿಡಬೇಕಾದದ್ದು ಇದೆ, ಅದು ನಿಜ. ಆದರೆ ಕಣ್ಣಿಗೆ ಕಾಣದ ವಸ್ತುವನ್ನು ಲೆಕ್ಕ ಹಾಕುವುದು, ಅದು ಯಾವ ಕಡೆ ಹೋಗುತ್ತದೆ ಎಂದು ಮೊದಲೇ ಹೇಳುವುದು, ಇದು ಆ ವಿಷಯದ ಜೀವ. ಅದನ್ನು ತೋರಿಸಲು ನಾನು ಪ್ರತಿ ವರ್ಷ ಒಂದೇ ಉದಾಹರಣೆ ಹಿಡಿಯುತ್ತೇನೆ. ನಮ್ಮ ಕಡೆಯ ಒಂದು ಕೊಡ ಬೋರ್‌ವೆಲ್ ನೀರು.

ಈ ನೀರಿನ ಸಮಸ್ಯೆ ನಮ್ಮವರಿಗೆ ಹೊಸದಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೆಲವು ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಅಂಥ ನೀರನ್ನೇ ಬಹಳ ವರ್ಷ ಕುಡಿದ ಹಿರಿಯರಲ್ಲಿ ಕೆಲವರಿಗೆ ಕೀಲು ಬಿಗಿದು, ಬೆನ್ನು ಬಗ್ಗುತ್ತದೆ. ಕಾರಣ ನೀರಿನಲ್ಲಿರುವ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಜಾಸ್ತಿಯಾದರೆ ಕುಡಿಯಬಾರದು.

1.5 ಮಿಲಿಗ್ರಾಂ ಅಂದರೆ ಎಷ್ಟು? ಚಿಟಿಕೆ ಉಪ್ಪಿನಲ್ಲಿ ಸಣ್ಣ ಪಾಲೂ ಅಲ್ಲ. ಅಷ್ಟು ಸ್ವಲ್ಪ ಹೇಗೆ ಹಲ್ಲು, ಮೂಳೆ ಕೆಡಿಸುತ್ತದೆ? ಇದಕ್ಕೆ ಉತ್ತರ ಬೇಕಾದರೆ ಫಸ್ಟ್ ಪಿಯುಸಿಯ ಮೊದಲ ಪಾಠಕ್ಕೆ ಹೋಗಬೇಕು. ಮೋಲ್ ಎಂಬ ಪಾಠ ಅದು. ಬಹಳ ಮಕ್ಕಳು ಎಡವುವುದೂ ಅಲ್ಲೇ. ಹಾಗಾಗಿ ಅದರ ಹತ್ತಿರ ಸ್ವಲ್ಪ ಹೊತ್ತು ಕೂರೋಣ.

ಸಂತೆಯಲ್ಲಿ ಬಾಳೆಹಣ್ಣನ್ನು ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಮಂಡಕ್ಕಿಯನ್ನು ಯಾರೂ ಎಣಿಸುವುದಿಲ್ಲ. ಅಳೆದು ಇಲ್ಲವೇ ತೂಗಿ ಕೊಡುತ್ತಾರೆ. ಯಾಕೆ? ಚಿಕ್ಕದು, ಜಾಸ್ತಿ ಇರುತ್ತದೆ, ಎಣಿಸುತ್ತ ಕೂತರೆ ದಿನ ಮುಗಿಯುತ್ತದೆ. ಪರಮಾಣುಗಳ ವಿಷಯದಲ್ಲೂ ಹೀಗೇ. ಆದರೆ ಇಲ್ಲಿ ಒಂದು ತೊಡಕಿದೆ. ರಾಸಾಯನಿಕ ಕ್ರಿಯೆ ನಡೆಯುವುದು ಎಣಿಕೆಯ ಲೆಕ್ಕದಲ್ಲಿ. ಒಂದು ಕಾರ್ಬನ್ ಪರಮಾಣು ಎರಡು ಆಕ್ಸಿಜನ್ ಪರಮಾಣುಗಳನ್ನು ಹಿಡಿದುಕೊಳ್ಳುತ್ತದೆ, ಇಷ್ಟು ಗ್ರಾಂ ಎಂದು ಅದು ನೋಡುವುದಿಲ್ಲ. ನಮ್ಮ ಕೈಯಲ್ಲಿರುವುದೋ ತಕ್ಕಡಿ ಮಾತ್ರ. ತೂಗಿಯೇ ಎಣಿಸಬೇಕು. ಹೇಗೆ?

ಒಂದು ತೆಂಗಿನಕಾಯಿ ಒಂದು ನಿಂಬೆಹಣ್ಣಿಗಿಂತ 12 ಪಟ್ಟು ಭಾರ ಅಂದುಕೊಳ್ಳಿ. ಎಲ್ಲ ನಿಂಬೆಯೂ ಒಂದೇ ತೂಕ, ಎಲ್ಲ ಕಾಯಿಯೂ ಒಂದೇ ತೂಕ. ಈಗ 1 ಕ್ವಿಂಟಲ್ ನಿಂಬೆ ಒಂದು ಕಡೆ, 12 ಕ್ವಿಂಟಲ್ ತೆಂಗಿನಕಾಯಿ ಇನ್ನೊಂದು ಕಡೆ ರಾಶಿ ಹಾಕಿ. ಎರಡೂ ರಾಶಿಯಲ್ಲಿ ಎಷ್ಟು ಹಣ್ಣು, ಎಷ್ಟು ಕಾಯಿ? ಲೆಕ್ಕ ಗೊತ್ತಿಲ್ಲ. ಆದರೆ ಎರಡೂ ಸಮ ಇವೆ ಎಂದು ಎಣಿಸದೆಯೇ ಹೇಳಬಹುದು. ಅಲ್ವಾ?

ಹೈಡ್ರೋಜನ್ ಪರಮಾಣುವಿಗಿಂತ ಕಾರ್ಬನ್ ಪರಮಾಣು ಸುಮಾರು 12 ಪಟ್ಟು ಭಾರ. ಆದ್ದರಿಂದ 1 ಗ್ರಾಂ ಹೈಡ್ರೋಜನ್‌ನಲ್ಲಿ ಎಷ್ಟು ಪರಮಾಣುಗಳಿವೆಯೋ, 12 ಗ್ರಾಂ ಕಾರ್ಬನ್‌ನಲ್ಲೂ ಅಷ್ಟೇ ಇವೆ. 19 ಗ್ರಾಂ ಫ್ಲೋರಿನ್‌ನಲ್ಲೂ ಅಷ್ಟೇ. 40 ಗ್ರಾಂ ಕ್ಯಾಲ್ಸಿಯಂನಲ್ಲೂ ಅಷ್ಟೇ. ಆ 'ಅಷ್ಟು' ಎಂಬುದಕ್ಕೆ ಇಟ್ಟ ಹೆಸರು ಮೋಲ್. ಅದರ ಬೆಲೆ 6.022 × 10²³. ಇದು ಡಜನ್ ಇದ್ದ ಹಾಗೆ ಒಂದು ಎಣಿಕೆಯ ಕಟ್ಟು, ಬೇರೇನೂ ಅಲ್ಲ. ಪುಸ್ತಕದ ಹಿಂದೆ ಇರುವ ಪರಮಾಣು ತೂಕದ ಪಟ್ಟಿ ಅಂದರೆ 'ಇದನ್ನು ಇಷ್ಟು ಗ್ರಾಂ ತೂಗಿದರೆ ಒಂದು ಕಟ್ಟು ಸಿಗುತ್ತದೆ' ಎಂಬ ಪಟ್ಟಿ. ಇಷ್ಟು ಮನಸ್ಸಿಗೆ ಇಳಿದರೆ ಮೊದಲ ಪಾಠದ ಅರ್ಧ ಲೆಕ್ಕ ತಾನಾಗಿ ಬರುತ್ತದೆ.

ಆ ಸಂಖ್ಯೆ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮ ಭದ್ರಾ ನಾಲೆಯ ಕೆಳಗಿನ ಭತ್ತವನ್ನು ನೆನೆಯಿರಿ. ಒಂದು ಕಿಲೋ ಅಕ್ಕಿಯಲ್ಲಿ 50,000 ಕಾಳು ಇವೆ ಎಂದು ಲೆಕ್ಕ ಹಿಡಿಯೋಣ. ಭಾರತ ಈಗ ಒಂದು ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 15 ಕೋಟಿ ಟನ್. ಇದೇ ಪ್ರಮಾಣದಲ್ಲಿ ಬೆಳೆಯುತ್ತ ಹೋದರೆ ಒಂದು ಮೋಲ್ ಅಕ್ಕಿಕಾಳು ಕೂಡಿಸಲು 8 ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು. ಅದೇ ಒಂದು ಮೋಲ್ ನೀರು? 18 ಗ್ರಾಂ. ಮೂರೂವರೆ ಟೀ ಚಮಚ. ಒಂದು ಗುಟುಕು. ಅಣು ಎಷ್ಟು ಚಿಕ್ಕದು ಎಂಬುದು ಈ ಎರಡನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ.

ಈಗ ಕೊಡದ ನೀರಿಗೆ ವಾಪಸ್ ಬರೋಣ. 1.5 ಮಿಲಿಗ್ರಾಂ ಫ್ಲೋರೈಡ್ ಅಂದರೆ 0.0015 ಗ್ರಾಂ. ಅದನ್ನು 19ರಿಂದ ಭಾಗಿಸಿದರೆ ಸುಮಾರು 0.000079 ಮೋಲ್. ಅದನ್ನು 6.022 × 10²³ರಿಂದ ಗುಣಿಸಿ. ಒಂದು ಲೀಟರ್ ನೀರಿನಲ್ಲಿ ಸುಮಾರು 4.75 × 10¹⁹ ಫ್ಲೋರೈಡ್ ಅಯಾನುಗಳು, ಅಂದರೆ ಚಾರ್ಜ್ ಇರುವ ಫ್ಲೋರಿನ್ ಪರಮಾಣುಗಳು. ನಮ್ಮ ಲೆಕ್ಕದಲ್ಲಿ 4.75 ಲಕ್ಷ ಕೋಟಿ ಕೋಟಿ. ಒಂದು ಲೋಟ ಕುಡಿದರೂ ಒಳಗೆ ಹೋಗುವ ಸೈನ್ಯ ದೊಡ್ಡದೇ. ಇನ್ನೊಂದು ಕಡೆಯಿಂದ ನೋಡಿ. ಅದೇ ಲೀಟರಿನಲ್ಲಿ ನೀರಿನ ಅಣುಗಳು 55 ಮೋಲ್‌ಗಿಂತ ಜಾಸ್ತಿ. ಅಂದರೆ ಹತ್ತಿರ ಹತ್ತಿರ 7 ಲಕ್ಷ ನೀರಿನ ಅಣುಗಳ ನಡುವೆ ಒಂದು ಫ್ಲೋರೈಡ್. ಅದನ್ನು ಹುಡುಕಿ ತೆಗೆಯುವುದು ಯಾಕೆ ಕಷ್ಟ ಎಂದೂ ಇದೇ ಲೆಕ್ಕ ಹೇಳುತ್ತದೆ. ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತದೆ. ಇದನ್ನು ನಾನು ಹಳ್ಳಿಗಳಲ್ಲಿ ಎಷ್ಟು ಸಲ ಹೇಳಿದ್ದೇನೋ. 'ಕಾಯಿಸಿ ಆರಿಸಿದ ನೀರು' ಕೀಟಾಣುವಿಗೆ ಮದ್ದು, ಫ್ಲೋರೈಡ್‌ಗೆ ಅಲ್ಲ.

ಆದರೆ ಇದು ಬೋರ್‌ವೆಲ್ ನೀರಿಗೆ ಬಂದದ್ದಾದರೂ ಹೇಗೆ? ಯಾರೂ ಸುರಿದದ್ದಲ್ಲ. ನೆಲದ ಕೆಳಗಿನ ಗ್ರಾನೈಟಿನಂಥ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಅದರಲ್ಲಿ ಒಂದು ಕ್ಯಾಲ್ಸಿಯಂ ಫ್ಲೋರೈಡ್. ನೀರಿನಲ್ಲಿ ಅದು ತುಂಬಾ ಕಡಿಮೆ ಕರಗುತ್ತದೆ. ಇಲ್ಲಿ ಫಸ್ಟ್ ಪಿಯುಸಿಯ ಈಕ್ವಿಲಿಬ್ರಿಯಂ ಪಾಠ ಬೇಕು. ಕರಗುವುದು, ಮತ್ತೆ ಕಲ್ಲಾಗಿ ಕೂರುವುದು, ಎರಡೂ ಒಟ್ಟಿಗೆ ನಡೆಯುತ್ತಿರುತ್ತವೆ. ಎರಡರ ವೇಗ ಸಮ ಆದಾಗ ಹೊರಗಿನಿಂದ ನೋಡಿದರೆ ಎಲ್ಲ ನಿಂತಂತೆ ಕಾಣುತ್ತದೆ. ಆಗ ಒಂದು ನಿಯಮ ನಡೆಯುತ್ತದೆ. ಕ್ಯಾಲ್ಸಿಯಂ ಪ್ರಮಾಣ ಗುಣಿಸು ಫ್ಲೋರೈಡ್ ಪ್ರಮಾಣ, ಮತ್ತೆ ಗುಣಿಸು ಫ್ಲೋರೈಡ್ ಪ್ರಮಾಣ: ಉತ್ತರ ಯಾವಾಗಲೂ ಒಂದೇ ಸಂಖ್ಯೆ. ಫ್ಲೋರೈಡ್ ಎರಡು ಸಲ ಯಾಕೆ ಅಂದರೆ, ಒಂದು ಕ್ಯಾಲ್ಸಿಯಂ ಜೊತೆ ಎರಡು ಫ್ಲೋರೈಡ್ ಇರುತ್ತವೆ. ಪುಸ್ತಕದಲ್ಲಿ ಇದನ್ನು ಸಾಲ್ಯುಬಿಲಿಟಿ ಪ್ರಾಡಕ್ಟ್ ಅನ್ನುತ್ತಾರೆ.

ಸುಲಭ ಸಂಖ್ಯೆ ಹಾಕಿ ನೋಡಿ. ಕ್ಯಾಲ್ಸಿಯಂ 4, ಫ್ಲೋರೈಡ್ 1 ಇದ್ದರೆ 4 × 1 × 1, ಅಂದರೆ 4. ಈಗ ಏನೋ ಕಾರಣಕ್ಕೆ ಕ್ಯಾಲ್ಸಿಯಂ 1ಕ್ಕೆ ಇಳಿಯಿತು. ಉತ್ತರ 4 ಆಗಲೇಬೇಕು. ಹಾಗಾದರೆ 1 × 2 × 2. ಫ್ಲೋರೈಡ್ ದುಪ್ಪಟ್ಟು! ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಆದಷ್ಟೂ ಕಲ್ಲು ಹೆಚ್ಚು ಫ್ಲೋರೈಡ್ ಬಿಟ್ಟುಕೊಡುತ್ತದೆ. ಮಳೆ ಕಡಿಮೆ ಇರುವ ನೆಲದಲ್ಲಿ, ಆಳದ ನೀರಿನಲ್ಲಿ, ಬೈಕಾರ್ಬೊನೇಟ್ ಜಾಸ್ತಿ ಇದ್ದಾಗ, ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೆಳಗೆ ಕೂರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ಫ್ಲೋರೈಡ್ ಏರುತ್ತದೆ. ಆಳದ ನೀರು ಕಲ್ಲಿನ ಜೊತೆ ಬಹಳ ಕಾಲ ಇರುತ್ತದೆ, ಕರಗಲು ಸಮಯವೂ ಸಿಗುತ್ತದೆ. ಪರೀಕ್ಷೆಯಲ್ಲಿ ಸಣ್ಣ ಲೆಕ್ಕವಾಗಿ ಬರುವ ಈ ಗುಣಾಕಾರ ನಮ್ಮೂರಿನ ಹಲ್ಲಿನ ಗೆರೆಯ ಹಿಂದಿದೆ. ನನಗೆ ಇದು ಮೊದಲ ಸಲ ಹೊಳೆದದ್ದು ಡಿಗ್ರಿ ಮುಗಿದ ಮೇಲೆ. ಪಿಯುಸಿಯಲ್ಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಹಲ್ಲಿನ ವಿಷಯವನ್ನೂ ಮುಗಿಸಿಬಿಡೋಣ. ಹಲ್ಲಿನ ಗಟ್ಟಿ ಹೊದಿಕೆ ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸೈಡ್ ಸೇರಿದ ಖನಿಜ. ಫ್ಲೋರೈಡ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಗಾತ್ರದಲ್ಲಿ ಹತ್ತಿರ ಹತ್ತಿರ, ಚಾರ್ಜ್ ಒಂದೇ. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂರುತ್ತದೆ. ಸ್ವಲ್ಪ ಕೂತರೆ ಹಲ್ಲು ಗಟ್ಟಿಯಾಗುತ್ತದೆ, ಪೇಸ್ಟಿನಲ್ಲಿ ಫ್ಲೋರೈಡ್ ಹಾಕುವುದು ಅದಕ್ಕೇ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಜಾಸ್ತಿಯಾದರೆ ಹೊದಿಕೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಅಯಾನುಗಳ ಗಾತ್ರ ಎಂಬುದು ಪೀರಿಯಾಡಿಕ್ ಟೇಬಲ್ ಪಾಠದಲ್ಲಿ ಬರುವ ಒಣ ಪಟ್ಟಿ ಅಂದುಕೊಂಡಿರುತ್ತೇವೆ. ಅದರ ಅರ್ಥ ಇದು. ಪಠ್ಯವನ್ನು ಕಡಿಮೆ ಮಾಡಿದಾಗ ಪರಿಸರ ರಸಾಯನಶಾಸ್ತ್ರದ ಪಾಠವನ್ನೇ ಫಸ್ಟ್ ಪಿಯುಸಿಯಿಂದ ತೆಗೆದರು. ಫ್ಲೋರೈಡ್ ಬಗ್ಗೆ ನಾಲ್ಕು ಮಾತು ಇದ್ದದ್ದು ಅಲ್ಲೇ. ಮಕ್ಕಳ ಹೊರೆ ಇಳಿಯಿತು, ಸರಿ. ಆದರೆ ನಮ್ಮ ಜಿಲ್ಲೆಗಳ ಮಕ್ಕಳಿಗೆ ಅದು ಬೇಕಾದ ಪಾಠವಾಗಿತ್ತು.

ಸೆಕೆಂಡ್ ಪಿಯುಸಿಗೆ ಬಂದರೆ ಅದೇ ಕೊಡ ಇನ್ನೂ ಮಾತಾಡುತ್ತದೆ. ಊರಿನ ಶುದ್ಧ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕಿ ಫಿಲ್ಟರ್ ನೀರು ಹಿಡಿಯುತ್ತೇವಲ್ಲ, ಅದು ಮೊದಲ ಪಾಠ, ಸಲ್ಯೂಷನ್ಸ್. ಉಪ್ಪಿನಕಾಯಿಗೆಂದು ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ನೀರು ತನ್ನಷ್ಟಕ್ಕೆ ಉಪ್ಪು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೋಗುತ್ತದೆ. ಇದು ಆಸ್ಮಾಸಿಸ್. ಘಟಕದಲ್ಲಿ ಪಂಪಿನಿಂದ ಜೋರಾಗಿ ಒತ್ತಿ ನೀರನ್ನು ಉಲ್ಟಾ ದಾರಿಗೆ ನೂಕುತ್ತಾರೆ. ತೆಳು ಪೊರೆಯ ಆಚೆ ನೀರು ಹೋಗುತ್ತದೆ, ಲವಣ, ಫ್ಲೋರೈಡ್ ಬಹುಪಾಲು ಈಚೆ ಉಳಿಯುತ್ತವೆ. ಎಷ್ಟು ಒತ್ತಬೇಕು ಎಂಬ ಲೆಕ್ಕಕ್ಕೂ ಬೇಕಾದದ್ದು ಮೋಲ್.

ಅಲ್ಲಿ ಆಪರೇಟರ್ ಪೆನ್ನಿನಂಥ ಒಂದು ಮೀಟರ್ ಅದ್ದಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, ಇಷ್ಟು ಎಂದು ತೋರಿಸುತ್ತಾರೆ. ಆ ಮೀಟರ್ ಲವಣವನ್ನು ತೂಗುವುದಿಲ್ಲ. ನೀರಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ ಅಂದಾಜು ಹೇಳುತ್ತದೆ. ಅದು ಎಲೆಕ್ಟ್ರೋಕೆಮಿಸ್ಟ್ರಿ ಪಾಠ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಟಿಡಿಎಸ್ ಕಡಿಮೆ ಇದೆ ಎಂದ ಮಾತ್ರಕ್ಕೆ ಫ್ಲೋರೈಡ್ ಕಡಿಮೆ ಎಂದು ಹೇಳಲಾಗುವುದಿಲ್ಲ. ಮೀಟರಿಗೆ ಯಾವ ಅಯಾನು ಎಂಬುದು ತಿಳಿಯುವುದಿಲ್ಲ. ಫ್ಲೋರೈಡ್‌ಗೆ ಬೇರೆಯೇ ಪರೀಕ್ಷೆ ಆಗಬೇಕು.

ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇರುವ ಕಡೆ ಬರುವ ಗಡಸುತನ ಅದು. ಎಷ್ಟು ಗಡಸು ಎಂದು ಅಳೆಯಲು ಇಡಿಟಿಎ ಎಂಬ ವಸ್ತು ಬಳಸುತ್ತಾರೆ. ಅದು ಕ್ಯಾಲ್ಸಿಯಂ ಅಯಾನನ್ನು ಆರು ಕಡೆಯಿಂದ ಏಡಿಯಂತೆ ಹಿಡಿಯುತ್ತದೆ. ಇದು ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠ, ಮಕ್ಕಳು ಹೆಸರಿಡುವ ನಿಯಮದಲ್ಲೇ ಸುಸ್ತಾಗಿ ಬಿಟ್ಟುಬಿಡುವ ಪಾಠ. ಆದರೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಇದೇ ಪಾಠದ ಮುಂದಿನ ಕತೆಗೆ. ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ, ಈ ಮೂವರು ಲೋಹದ ಅಯಾನುಗಳನ್ನು ಕಾರ್ಬನ್ ಅಣುಗಳಿಂದ ಜೋಡಿಸಿ, ಒಳಗೆ ಖಾಲಿ ಕೋಣೆಗಳಿರುವ ಹರಳುಗಳನ್ನು ಕಟ್ಟುವ ದಾರಿ ತೋರಿದರು. ರಾಬ್ಸನ್‌ಗೆ ಈ ಯೋಚನೆ ಮೊದಲು ಬಂದದ್ದು 1974ರಲ್ಲಿ, ವಿದ್ಯಾರ್ಥಿಗಳಿಗೆ ಪಾಠ ಮಾಡಲು ಮರದ ಗುಂಡುಗಳಿಂದ ಅಣುವಿನ ಮಾದರಿ ಮಾಡಿಸುತ್ತಿದ್ದಾಗ. ಯಾಘಿ ಬೆಳೆದದ್ದು ಜೋರ್ಡಾನ್ ದೇಶದ ಅಮ್ಮಾನ್‌ನಲ್ಲಿ, ನೀರಿಗೆ ತತ್ವಾರ ಇದ್ದ ಊರಿನಲ್ಲಿ. ಅವರ ತಂಡ ಇಂಥ ಹರಳಿನಿಂದ ಮರುಭೂಮಿಯ ಗಾಳಿಯಲ್ಲಿನ ತೇವ ಹಿಡಿದು ಕುಡಿಯುವ ನೀರು ಮಾಡಿ ತೋರಿಸಿತು. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಚಳ್ಳಕೆರೆ ಕಡೆಯ ಮಕ್ಕಳು ಬೆನ್ನು ನೇರ ಮಾಡಿ ಕೂತಿದ್ದನ್ನು ನಾನು ಮರೆಯುವುದಿಲ್ಲ.

ಆರ್ಗಾನಿಕ್, ಅಂದರೆ ಕಾರ್ಬನ್ ವಸ್ತುಗಳ ಕೆಮಿಸ್ಟ್ರಿ, ಅದರ ಬಗ್ಗೆ ಒಂದು ಮಾತು. ಇದನ್ನು ಬಾಯಿಪಾಠ ಮಾಡುವವರೇ ಜಾಸ್ತಿ, ಸೋಲುವವರೂ ಜಾಸ್ತಿ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿ ಕೊರತೆ ಇದೆ? ನಾಲೆಯ ನೀರು ಎತ್ತರದಿಂದ ತಗ್ಗಿಗೆ ಹರಿದ ಹಾಗೆ ಎಲೆಕ್ಟ್ರಾನ್ ಜಾಸ್ತಿ ಇರುವಲ್ಲಿಂದ ಕೊರತೆ ಇರುವಲ್ಲಿಗೆ ಹೋಗುತ್ತದೆ. ಆಲ್ಡಿಹೈಡ್, ಕೀಟೋನ್‌ಗಳಲ್ಲಿ ಆಕ್ಸಿಜನ್ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಪಕ್ಕದ ಕಾರ್ಬನ್‌ಗೆ ಕೊರತೆ. ಹೊಸದಾಗಿ ಬಂದದ್ದು ಅಲ್ಲೇ ಹೋಗಿ ಸೇರುತ್ತದೆ. ಹತ್ತು ಹದಿನೈದು ಕ್ರಿಯೆಗಳು ಈ ಒಂದು ಮಾತಿನಲ್ಲಿ ಅಡಗಿವೆ. ಒಂದು ಹಾಳೆಯಲ್ಲಿ ಬಾಣದ ಗುರುತು ಹಾಕಿ ಹಾಕಿ ಬರೆದರೆ ಕೈಗೆ ಹತ್ತುತ್ತದೆ. ಸುಮ್ನೆ ಓದಿದರೆ ಹತ್ತುವುದಿಲ್ಲ.

ಸುತ್ತಮುತ್ತ ಉದಾಹರಣೆಗೂ ಬರ ಇಲ್ಲ. ಚನ್ನಗಿರಿ ಕಡೆ ಹಸಿ ಅಡಿಕೆ ಬೇಯಿಸುವ ಚೊಗರು ಇದೆಯಲ್ಲ, ಅದರಲ್ಲಿ ಟ್ಯಾನಿನ್ ಇದೆ. ಟ್ಯಾನಿನ್ ಫಿನಾಲ್ ಗುಂಪಿನದು. ಕಬ್ಬಿಣದ ಕತ್ತಿಯಲ್ಲಿ ಹಸಿ ಅಡಿಕೆ ಹೆಚ್ಚಿದರೆ ಕತ್ತಿಗೆ ಕಪ್ಪು ಹಿಡಿಯುತ್ತದೆ. ಲ್ಯಾಬಿನಲ್ಲಿ ಫೆರಿಕ್ ಕ್ಲೋರೈಡ್ ಹನಿ ಹಾಕಿ ಫಿನಾಲ್ ಗುರುತಿಸುವುದು ಇದೇ ಕಬ್ಬಿಣ ಮತ್ತು ಫಿನಾಲ್‌ಗಳ ನಂಟಿನಿಂದ. ಚಳ್ಳಕೆರೆಯ ಶೇಂಗಾ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿದರೆ ಸೋಪು. ಆ ಸೋಪು ಗಡಸು ಬೋರ್ ನೀರಿನಲ್ಲಿ ನೊರೆ ಬರುವುದಿಲ್ಲ, ಯಾಕೆಂದರೆ ಕ್ಯಾಲ್ಸಿಯಂ ಅದನ್ನು ಹಿಡಿದು ಜಿಡ್ಡಾಗಿಸುತ್ತದೆ. ಮೊಳಕಾಲ್ಮೂರಿನ ರೇಷ್ಮೆಯನ್ನು ಬಣ್ಣಕ್ಕೆ ಹಾಕುವ ಮೊದಲು ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆಯಬೇಕು. ಆ ಅಂಟೂ ಪ್ರೋಟೀನು, ಎಳೆಯೂ ಪ್ರೋಟೀನು, ಆದರೆ ಒಂದು ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಹರಿಹರದ ಪಕ್ಕ, ತುಂಗಭದ್ರೆಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನೂಲಿನ ಎಳೆ ತೆಗೆಯುತ್ತಾರೆ. ಮರದ ಸೆಲ್ಯುಲೋಸನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಿಂದ ಕರಗಿಸಿ, ಸಣ್ಣ ತೂತುಗಳ ಮೂಲಕ ಆಮ್ಲದೊಳಗೆ ಬಿಟ್ಟರೆ ಮತ್ತೆ ಸೆಲ್ಯುಲೋಸ್ ಎಳೆಯಾಗಿ ಹೊರಬರುತ್ತದೆ. ವಿಸ್ಕೋಸ್ ಅನ್ನುವುದು ಇದಕ್ಕೇ.

ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಬೇರೆಯೇ ಕಷ್ಟ ಇದೆ. ನಾನೂ ಹಾಗೇ ಬಂದವನು. ಎಸ್ಸೆಸ್ಸೆಲ್ಸಿವರೆಗೆ ಆಮ್ಲ, ಪ್ರತ್ಯಾಮ್ಲ, ಲವಣ, ಉತ್ಕರ್ಷಣ, ಅಪಕರ್ಷಣ ಎಂದು ಓದಿದ್ದೆ. ಕಾಲೇಜಿಗೆ ಬಂದ ಮೇಲೆ ಆಸಿಡ್, ಬೇಸ್, ಸಾಲ್ಟ್, ಆಕ್ಸಿಡೇಷನ್, ರಿಡಕ್ಷನ್. ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗೆ ಕೇಳಿಸುತ್ತಿತ್ತು. ಮೊದಲ ಟೆಸ್ಟಿನಲ್ಲಿ ಫೇಲಾದೆ, ಕೋರ್ಸ್ ಬಿಡುತ್ತೇನೆ ಎಂದು ಮನೆಗೆ ಹೋಗಿದ್ದೆ. ನಮ್ಮ ಹೈಸ್ಕೂಲಿನ ಮೇಷ್ಟ್ರು ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, "ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಿನಗೆ ಗೊತ್ತಿರೋ ಕನ್ನಡ ಪದ ಬರೀತಾ ಹೋಗಪ್ಪ" ಅಂದರು. ಎರಡು ತಿಂಗಳಲ್ಲಿ ಪುಸ್ತಕ ಅರ್ಧ ತುಂಬಿತು, ಭಯ ಹೋಯಿತು. ಈಗ ನನ್ನ ಹತ್ತಿರ ಬರುವ ಪ್ರತಿ ಮಗುವಿಗೂ ಅದನ್ನೇ ಹೇಳುತ್ತೇನೆ. ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಬರೆಯಿರಿ. ಅದರಲ್ಲಿ ಕೀಳು ಅನ್ನುವುದು ಏನೂ ಇಲ್ಲ.

ಲ್ಯಾಬ್ ಬಗ್ಗೆ ನನಗೆ ಸಿಟ್ಟಿದೆ. ಬೋರ್ಡ್ ಪರೀಕ್ಷೆಯಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಎಂಟ್ರೆನ್ಸ್ ಓಟದಲ್ಲಿ ಲ್ಯಾಬ್ ಅವಧಿಯನ್ನು ಪರೀಕ್ಷೆಯ ಹತ್ತಿರದ ಎರಡು ವಾರಕ್ಕೆ ತಳ್ಳುವ ಕಡೆಯೂ ನಾನು ಕೆಲಸ ಮಾಡಿದ್ದೇನೆ. ಮಕ್ಕಳಿಗೆ ರೀಡಿಂಗ್ ಬರೆದುಕೊಡುತ್ತಿದ್ದರು. ಅದು ತಪ್ಪು. ಬ್ಯುರೆಟ್ಟಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿಹನಿ ಬಿಡುತ್ತಾ, ಒಂದೇ ಒಂದು ಹನಿಗೆ ಇಡೀ ಫ್ಲಾಸ್ಕ್ ತಿಳಿ ಗುಲಾಬಿಯಾಗಿ ನಿಲ್ಲುವುದನ್ನು ಕಣ್ಣಾರೆ ನೋಡಿದವರಿಗೆ ಮೋಲ್ ಲೆಕ್ಕ ಎಂದೂ ಮರೆಯುವುದಿಲ್ಲ. ಸಾಲ್ಟ್ ಅನಾಲಿಸಿಸ್‌ನಲ್ಲಿ ನೈಟ್ರೇಟಿನ ಕಂದು ಉಂಗುರ ತಾವೇ ತರಿಸಿದ ಮಕ್ಕಳ ಮುಖ ನೋಡಬೇಕು. ಕಾಲೇಜು ಸೇರಿಸುವ ಮೊದಲು ತಂದೆತಾಯಿ ಹಾಸ್ಟೆಲ್ ಊಟ ನೋಡುತ್ತಾರೆ, ಲ್ಯಾಬನ್ನೂ ಒಮ್ಮೆ ನೋಡಿ. ಬಾಟಲಿಗಳ ಮೇಲೆ ಧೂಳು ಕೂತಿದೆಯೋ, ಸಿಂಕು ಒದ್ದೆ ಇದೆಯೋ ನೋಡಿದರೆ ಸಾಕು.

ಇನ್ನು ಪರೀಕ್ಷೆಗಳು. ಸಿಇಟಿಯಲ್ಲಿ ಕೆಮಿಸ್ಟ್ರಿಗೆ 60 ಪ್ರಶ್ನೆ, 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕದ ಜೊತೆ ಪಿಯುಸಿಯ ಫಿಜಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳೂ ಅರ್ಧಕ್ಕೆ ಅರ್ಧ ಸೇರುತ್ತವೆ, ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಬಾರದು. ನೀಟ್‌ನ 720 ಅಂಕಗಳಲ್ಲಿ ಕೆಮಿಸ್ಟ್ರಿಯದು 180, ಅಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಜೆಇಇ ಮೇನ್‌ನ 300ರಲ್ಲಿ 100. ಮೂರಕ್ಕೂ ಪಾಠ ಹೆಚ್ಚುಕಡಿಮೆ ಒಂದೇ, ಫಸ್ಟ್ ಪಿಯುಸಿಯ 9, ಸೆಕೆಂಡ್ ಪಿಯುಸಿಯ 10. ಫಸ್ಟ್ ಪಿಯುಸಿಯನ್ನು ರಜೆಯ ವರ್ಷ ಎಂದುಕೊಂಡವರು ಮೋಲ್, ಈಕ್ವಿಲಿಬ್ರಿಯಂ ಎರಡನ್ನೂ ಕಳೆದುಕೊಂಡು ಮುಂದಿನ ವರ್ಷ ಪರದಾಡುತ್ತಾರೆ.

ಮುಂದೆ ಏನು? ಡಾಕ್ಟರು, ಎಂಜಿನಿಯರು ಎಲ್ಲರಿಗೂ ಗೊತ್ತು, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನೀಟ್‌ನಲ್ಲಿ ಸೀಟು ಸಿಗಲಿಲ್ಲ ಎಂದು ವರ್ಷಗಟ್ಟಲೆ ಮನೆಯಲ್ಲಿ ಕೂರುವ ಮಕ್ಕಳಿಗೆ ಹೇಳಬೇಕಾದದ್ದು ಇದೆ.

ಫಾರ್ಮಸಿ ಒಂದು. ಡಿ.ಫಾರ್ಮಾ 2 ವರ್ಷ, ಬಿ.ಫಾರ್ಮಾ 4 ವರ್ಷ, ಫಾರ್ಮ್.ಡಿ 6 ವರ್ಷ. ಮೆಡಿಕಲ್ ಶಾಪ್ ಇಡುವುದಷ್ಟೇ ಅಲ್ಲ, ಔಷಧ ಕಂಪನಿಗಳ ಲ್ಯಾಬಿನಲ್ಲಿ ಮಾತ್ರೆಯ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೂ ಇದೇ ದಾರಿ. ಕೃಷಿ ಪದವಿ ಇನ್ನೊಂದು. ಸಿಇಟಿ ಮೂಲಕವೇ ಸೀಟು, ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಮಣ್ಣಿನ ಪಿಎಚ್, ಸಾರಜನಕ, ಪೊಟ್ಯಾಷ್ ಎಲ್ಲ ಕೆಮಿಸ್ಟ್ರಿಯೇ ತಾನೆ. ಕೆಮಿಕಲ್ ಎಂಜಿನಿಯರಿಂಗ್ ಬೇಕಾದವರಿಗೆ ಸುರತ್ಕಲ್‌ನ ಎನ್‌ಐಟಿಕೆ ಇದೆ, ತುಮಕೂರಿನ ಸಿದ್ಧಗಂಗಾ ಕಾಲೇಜಿದೆ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ ಎಂದು ಬೇಸರದಿಂದ ಆಯ್ದುಕೊಳ್ಳುವ ಬ್ರಾಂಚ್ ಅಲ್ಲ ಅದು. ಸಕ್ಕರೆ, ಸಿಮೆಂಟ್, ಬಣ್ಣ, ಗೊಬ್ಬರ, ಬ್ಯಾಟರಿ, ಎಲ್ಲಿ ವಸ್ತು ರೂಪ ಬದಲಿಸುತ್ತದೋ ಅಲ್ಲೆಲ್ಲ ಆ ಎಂಜಿನಿಯರ್ ಬೇಕು.

ನನ್ನ ಮನಸ್ಸಿಗೆ ಹತ್ತಿರದ್ದು ಬಿ.ಎಸ್ಸಿ ದಾರಿ. 'ಏನೂ ಸಿಗದವರು ಬಿ.ಎಸ್ಸಿ ಮಾಡುತ್ತಾರೆ' ಎಂಬ ಮಾತು ನಮ್ಮೂರಲ್ಲಿ ಇನ್ನೂ ಇದೆ. ಅದು ಹೋಗಬೇಕು. ನೇರವಾಗಿ ಹೇಳುತ್ತೇನೆ, ಬರೀ ಬಿ.ಎಸ್ಸಿಗೆ ನಿಲ್ಲಿಸಿದರೆ ಶುರುವಿನ ಸಂಬಳ ಕಡಿಮೆ. ಎಂ.ಎಸ್ಸಿ ಮಾಡಿ, ಯಂತ್ರಗಳ ಮೇಲೆ ಕೈ ಕೂರಿಸಿಕೊಂಡರೆ ಬೆಂಗಳೂರು, ಹೈದರಾಬಾದ್‌ನ ಔಷಧ, ಆಹಾರ, ಬಣ್ಣದ ಕಂಪನಿಗಳಲ್ಲಿ ಕೆಲಸವಿದೆ. ದಾವಣಗೆರೆ ವಿಶ್ವವಿದ್ಯಾನಿಲಯ ತೋಳಹುಣಸೆಯಲ್ಲೇ ಇದೆ, ಮನೆಯಿಂದ ಓಡಾಡಿ ಓದಬಹುದು. ಐಐಟಿಗಳಲ್ಲಿ ಎಂ.ಎಸ್ಸಿ ಮಾಡಲು ಜಾಮ್ ಎಂಬ ಪರೀಕ್ಷೆ ಇದೆ, ಬಿ.ಎಸ್ಸಿ ಓದಿದ ಯಾರು ಬೇಕಾದರೂ ಬರೆಯಬಹುದು. ಊಟ ತಿಂಡಿಯ ವಿಜ್ಞಾನ ಇಷ್ಟವಿದ್ದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಇದೆ, ಅಲ್ಲಿ ಫುಡ್ ಟೆಕ್ನಾಲಜಿಯಲ್ಲಿ ಎಂ.ಎಸ್ಸಿ ಮಾಡಬಹುದು. ಬಿ.ಎಸ್ಸಿ ಜೊತೆ ಬಿ.ಎಡ್ ಮಾಡಿದರೆ ಹೈಸ್ಕೂಲು, ಎಂ.ಎಸ್ಸಿ ಜೊತೆ ಮಾಡಿದರೆ ಪಿಯು ಕಾಲೇಜು. ಒಳ್ಳೆಯ ಕೆಮಿಸ್ಟ್ರಿ ಮೇಷ್ಟ್ರು ನಮ್ಮ ಹಳ್ಳಿಗಳಿಗೆ ಎಷ್ಟು ಬೇಕು ಎಂಬುದು ನನ್ನ ನೋಟ್‌ಬುಕ್ಕಿನ ಕತೆಯಲ್ಲೇ ಇದೆ.

ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಪೊಲೀಸ್ ಪ್ರಕರಣಗಳ ಮಾದರಿಗಳು ಅಲ್ಲಿಗೆ ಬರುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ, ಜಿಲ್ಲೆಯ ನೀರು ಪರೀಕ್ಷಾ ಲ್ಯಾಬಿನಲ್ಲಿ ಕೂತು ಬ್ಯುರೆಟ್ ಹಿಡಿಯುವವರೂ ಕೆಮಿಸ್ಟ್ರಿ ಓದಿದವರೇ.

ಸಂಶೋಧನೆ ಮಾಡಬೇಕೆನ್ನುವವರು ಪಿಯುಸಿ ಮುಗಿಯುತ್ತಿದ್ದಂತೆ ಐಸರ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳ ಪ್ರವೇಶ ಪರೀಕ್ಷೆ ಬರೆಯಲಿ. ಭುವನೇಶ್ವರದ ನೈಸರ್ ಎಂಬ ಇಂಥದ್ದೇ ಸಂಸ್ಥೆಗೆ ನೆಸ್ಟ್ ಎಂಬ ಪರೀಕ್ಷೆ ಇದೆ. ಈ ಹೆಸರುಗಳನ್ನು ನಮ್ಮ ಕಡೆಯ ಎಷ್ಟೋ ಜಾಣ ಮಕ್ಕಳು ಕೇಳಿಯೇ ಇರುವುದಿಲ್ಲ, ಅರ್ಜಿ ಹಾಕುವ ದಿನ ದಾಟಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸು ಚಳ್ಳಕೆರೆಯ ಕುದಾಪುರದಲ್ಲಿದೆ. ಅಲ್ಲಿ ವಿಜ್ಞಾನ ಮೇಷ್ಟ್ರುಗಳಿಗೆ ಲ್ಯಾಬ್ ತರಬೇತಿ ಕೊಡುತ್ತಾರೆ. ನಿಮ್ಮ ಊರಿನ ಲೆಕ್ಚರರ್ ಹೋಗಿ ಬಂದಿಲ್ಲದಿದ್ದರೆ ಹೋಗಲು ಹೇಳಿ.

ಹೋದ ವರ್ಷ ಜಗಳೂರು ಕಡೆಯ ಒಬ್ಬ ಹುಡುಗಿ, ಆಗಷ್ಟೇ ಸಲ್ಯೂಷನ್ಸ್ ಪಾಠ ಮುಗಿದಿತ್ತು, ಊರಿನ ನೀರಿನ ಘಟಕ ನೋಡಿ ಬಂದು ಕೇಳಿದಳು: "ಸರ್, ಪೊರೆ ಆಚೆ ಒಳ್ಳೆ ನೀರು ಹೋಯ್ತು. ಈಚೆ ಉಳಿದಿದ್ದು ಎಲ್ಲಿಗೆ ಹೋಗುತ್ತೆ?" ಅವಳೇ ಲೆಕ್ಕವನ್ನೂ ಬರೆದಿದ್ದಳು. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ 1000 ಲೀಟರ್ ನೀರು ಒಳಗೆ. 500 ಲೀಟರ್ ಶುದ್ಧ ನೀರು ಹೊರಗೆ. ಫ್ಲೋರೈಡ್ ಎಲ್ಲೂ ಮಾಯ ಆಗಲ್ಲ, ಉಳಿದ 500 ಲೀಟರಿನಲ್ಲಿ ಲೀಟರಿಗೆ ಸುಮಾರು 6 ಮಿಲಿಗ್ರಾಂ. ಅವರ ಊರಿನಲ್ಲಿ ಆ ನೀರು ಪೈಪಿನಿಂದ ಘಟಕದ ಹಿಂದಿನ ಗುಂಡಿಗೆ ಬೀಳುತ್ತಿತ್ತು. ಗುಂಡಿಯಿಂದ ನೂರು ಹೆಜ್ಜೆ ದೂರದಲ್ಲಿ ಊರಿನ ಬೋರ್‌ವೆಲ್.

ಅವಳು ಈಗ ಬಿ.ಎಸ್ಸಿ ಸೇರಿದ್ದಾಳೆ. ಆ ಹಾಳೆಯನ್ನು ನಾನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ.